ಬದುವಿನ ರಾಗಿ, ಬೆನ್ನಿನ ಉಣ್ಣೆ

ಹೋದ ಸಂಕ್ರಾಂತಿಯ ಆಸುಪಾಸಿನಲ್ಲಿ ದೊಡ್ಡಬೀರಯ್ಯನ ಹದಿನೆಂಟು ಕುರಿ ಈದವು. ಯುಗಾದಿಯೊಳಗೆ ಏಳು ಮರಿ ಸತ್ತವು. ಕೆಲವು ಹುಟ್ಟುವಾಗಲೇ ಬೆಕ್ಕಿನ ಮರಿಯಷ್ಟಿದ್ದವು. ಇನ್ನು ಕೆಲವಕ್ಕೆ ತಾಯಿಯ ಕೆಚ್ಚಲಲ್ಲಿ ಹಾಲಿರಲಿಲ್ಲ. ಕಾರಣಕ್ಕಾಗಿ ದೊಡ್ಡಬೀರಯ್ಯ ಬಹಳ ಹುಡುಕಲಿಲ್ಲ. ಶ್ರವಣಬೆಳಗೊಳಕ್ಕೆ ಹೊರಟಿದ್ದ ಯಾತ್ರಿಕರು ರಸ್ತೆಬದಿಯಲ್ಲಿ ಮಂದೆಯನ್ನು ಕಂಡು, "ಎಷ್ಟು ದುಂಡಗಿವೆ ಕುರಿಗಳು!" ಎಂದಿದ್ದರು. ಕಣ್ಣು ಬಿತ್ತು, ಮರಿ ಸತ್ತವು. ಅವನ ಲೆಕ್ಕದಲ್ಲಿ ಅಷ್ಟೇ. ಈ ವರ್ಷ ಟಗರಿನ ಕೊರಳಿಗೆ ಹಳೆಯ ಚಪ್ಪಲಿಯ ಚೂರೊಂದನ್ನು ಕಟ್ಟಿ ನಿಶ್ಚಿಂತನಾಗಿದ್ದ.

ಅದು ಐವತ್ತೆಂಟನೆಯ ಇಸವಿಯ ಕಾರ್ತಿಕ ಮಾಸ. ಜಿನನಾಥಪುರದಿಂದ ಎರಡು ಮೈಲಿ ದೂರದ ಹಟ್ಟಿಯಲ್ಲಿ ಅವನ ಮನೆ, ಮನೆಗೆ ಸ್ವಲ್ಪ ಆಚೆ ಎರಡೆಕರೆ ರಾಗಿ ಹೊಲ. ಹೊಲದ ಮೂಲೆಯಲ್ಲಿ, ಗಾಡಿ ದಾರಿಯ ಪಕ್ಕ, ಕಾವಲಿನ ಗುಡಿಸಲು. ಗುಡಿಸಲಿನ ಮುಂದೆ ತಡಿಕೆ ಕಟ್ಟಿ ಮಾಡಿದ ಕುರಿ ರೊಪ್ಪ. ಹೊಲದಲ್ಲಿ ಬೆಳೆ ಇರುವಷ್ಟು ಕಾಲ ರೊಪ್ಪ ದಾರಿಬದಿಗೆ ಸರಿಯುತ್ತಿತ್ತು. ಕೊಯ್ಲು ಮುಗಿದರೆ ಮತ್ತೆ ಅದೇ ಮೂಲೆಗೆ ಬರುತ್ತಿತ್ತು.

ಈ ಸಲ ಗಬ್ಬದ ಕುರಿಗಳು ಇಪ್ಪತ್ತು. ಸಾಲದೆಂಬಂತೆ, ಹೆಂಡತಿ ಸರಸಮ್ಮನ ಅಣ್ಣ ಬೀರಲಿಂಗಯ್ಯನಿಗೆ ದೊಡ್ಡಬೀರಯ್ಯ ಒಂದು ಮಾತು ಕೊಟ್ಟಿದ್ದ. ಹರದನಹಳ್ಳಿಯ ಬೀರಲಿಂಗಯ್ಯನ ಬಳಿ ಕುರಿ ಹೆಚ್ಚಿದ್ದವು, ಮೇವು ಕಡಿಮೆ ಇತ್ತು. ಅವನ ಹದಿನೈದು ಗಬ್ಬದ ಕುರಿಗಳನ್ನು ಇವನು ಪಾಲಿಗೆ ಸಾಕಬೇಕು, ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಅರ್ಧರ್ಧ. ಬರುವ ಸೋಮವಾರ ಕುರಿ ಹೊಡೆದುಕೊಂಡು ಬರುವುದಾಗಿ ಬೀರಲಿಂಗಯ್ಯ ಹೇಳಿ ಕಳಿಸಿದ್ದ.

"ಇರೋ ಇಪ್ಪತ್ತುಕ್ಕೇ ಬ್ಯಾಸ್ಗೇಲಿ ಏನಾಕ್ತೀಯ? ಅದುನ್ನ ಮೊದ್ಲು ಏಳು" ಎಂದಳು ಸರಸಮ್ಮ. ಅವಳ ಕೈಯಲ್ಲಿ ಕದಿರಿತ್ತು, ಉಣ್ಣೆ ನೂಲುತ್ತಿದ್ದಳು.

"ಲೇ ಸರಸಿ, ಕಣ್ಣು ಕಾಣಾಕಿಲ್ವಾ? ಒಲ ನೋಡಮ್ಮಿ ಅಲ್ಲಿ! ತೆನೆ ಎಂಗೆ ತೂಗ್ತಾವೆ. ಅನ್ನೆಲ್ಡು ಪಲ್ಲಕ್ಕೆ ಒಂದು ಸೇರು ಕಮ್ಮಿ ಬಂದ್ರೆ ನನ್ನ ಕೇಳು. ಆರು ಗಾಡಿ ಉಲ್ಲು ಬತ್ತದೆ."

"ಓದೊರ್ಸವೂ ಇಂಗೇ ಅಂದೆ."

"ಓದೊರ್ಸ ಕಣ್ಣು ಬಿತ್ತು ಕಣಮ್ಮಿ."

"ರಾಗಿಗೂ ಬಿತ್ತಾ?"

ದೊಡ್ಡಬೀರಯ್ಯ ಹೊಲದ ಕಡೆ ತಿರುಗಿದ. ಅವನು ಕುಳಿತಿದ್ದ ಗುಡಿಸಲ ಪಕ್ಕದ ಬದುವಿನಿಂದ ನೋಡಿದರೆ ರಾಗಿ ನಿಜಕ್ಕೂ ಚೆನ್ನಾಗಿತ್ತು. ಮುಷ್ಟಿಯಂಥ ತೆನೆ, ಸೊಂಟದೆತ್ತರದ ಪೈರು. ಹತ್ತು ವರ್ಷದಿಂದ ಅವನು ಹೊಲವನ್ನು ಇಲ್ಲಿಂದಲೇ ನೋಡುತ್ತಿದ್ದ.

ಆ ಗುರುವಾರ ಬೆಳಿಗ್ಗೆ ಗಾಡಿ ದಾರಿಯಲ್ಲಿ ಸೈಕಲ್ಲು ತಳ್ಳಿಕೊಂಡು ಒಬ್ಬ ಬಡಕಲು ಮನುಷ್ಯ ಬಂದ. ಸೈಕಲ್ಲಿನ ಹಿಂದೆ ಹಗ್ಗದ ಸುರುಳಿ, ನಾಲ್ಕು ಗೂಟ, ಗೋಣಿಚೀಲಗಳು.

"ಬೀರಯ್ಯನೋರೇ, ನಾನು ಪರಮಶಿವಯ್ಯ. ಚನ್ನರಾಯಪಟ್ಟಣದ ಬ್ಲಾಕ್ ಆಫೀಸಿನ ಗ್ರಾಮಸೇವಕ. ರಾಗಿ ಬೆಳೆ ಅಳೆಯೋದಕ್ಕೆ ನಿಮ್ಮ ಹೊಲದ ನಂಬರು ಬಂದದೆ."

"ನನ್ನ ನಂಬ್ರ ಯಾವನ್ಸಾ ಕೊಟ್ಟೋನು?"

"ಯಾರೂ ಕೊಡಲಿಲ್ಲ. ಚೀಟಿ ಎತ್ತಿದ ಹಾಗೆ ಬಂತು."

"ಕಂದಾಯ ಏರ್ಸಕ್ ಬಂದಿದ್ದೀರಿ ಅನ್ನಿ ಅಂಗಾರೆ."

ಪರಮಶಿವಯ್ಯ ಸೈಕಲ್ಲನ್ನು ಗುಡಿಸಲಿಗೆ ಒರಗಿಸಿ ಬೆವರು ಒರೆಸಿಕೊಂಡ. ಅವನಿಗೆ ಸಿಟ್ಟು ಬರಲಿಲ್ಲ. ಈ ಮಾತು ಆ ತಿಂಗಳಲ್ಲೇ ಹತ್ತು ಸಲ ಅವನ ಕಿವಿಗೆ ಬಿದ್ದಿರಬೇಕು.

"ಕಂದಾಯ ಏರಿಸೋದೂ ಇಳಿಸೋದೂ ನನ್ನ ಕೈಲಿಲ್ಲ. ತಾಲ್ಲೂಕಲ್ಲಿ ಎಷ್ಟು ರಾಗಿ ಬೆಳೆದದೆ ಅಂತ ಸರ್ಕಾರಕ್ಕೆ ತಿಳೀಬೇಕು. ಮಳೆ ಕೈಕೊಟ್ಟ ವರ್ಷ ಬೆಳೆ ಹೋಯ್ತು ಅಂತ ನೀವು ಬಾಯಲ್ಲಿ ಹೇಳಿದರೆ ಯಾರು ನಂಬ್ತಾರೆ? ಅಳತೆ ಮಾಡಿ ಬರೆದಿದ್ದರೆ ನಂಬಲೇಬೇಕು. ಅದು ಸರ್ಕಾರದ ಮಾತಾಯ್ತು. ನಿಮ್ಮ ಮನೆಗೂ ಇದರಿಂದ ಉಪಯೋಗ ಅದೆ, ಆಮೇಲೆ ಹೇಳ್ತೀನಿ."

"ಅಳೀರಿ ಸಾ, ಅಳೀರಿ. ಇಗಾ, ಈ ಕಡೀಕೆ ಬನ್ನಿ. ಇಲ್ಲೇ ಗೂಟ ಒಡೀರಿ" ಎಂದು ದೊಡ್ಡಬೀರಯ್ಯ ಗುಡಿಸಲ ಪಕ್ಕದ ಮೂಲೆಯನ್ನು ತೋರಿಸಿದ. ಬೆಳೆ ಹೆಚ್ಚೆಂದರೆ ಕಂದಾಯ ಏರೀತು ಎಂಬ ಭಯಕ್ಕಿಂತ, ತನ್ನ ರಾಗಿ ಎಂಥದೆಂದು ತೋರಿಸುವ ಆಸೆಯೇ ಅವನಿಗೆ ಹೆಚ್ಚಾಗಿತ್ತು.

"ಜಾಗ ಆರಿಸೋದು ನೀವೂ ಅಲ್ಲ, ನಾನೂ ಅಲ್ಲ. ನೀವು ಆರಿಸಿದರೆ ಚೆನ್ನಾಗಿರೋ ಕಡೆ ಆರಿಸ್ತೀರಿ. ನಾನು ಆರಿಸಿದರೆ ನಡೆಯೋಕೆ ಹತ್ತಿರ ಇರೋ ಕಡೆ ಆರಿಸ್ತೀನಿ. ಅದಕ್ಕೇ ಅಂಕಿ ಮೊದಲೇ ಬರೆದು ಕೊಟ್ಟಿದ್ದಾರೆ." ಪರಮಶಿವಯ್ಯ ಜೇಬಿನಿಂದ ಚೀಟಿ ತೆಗೆದ. ಉದ್ದಕ್ಕೆ ಐವತ್ತೆಂಟು ಹೆಜ್ಜೆ, ಅಡ್ಡಕ್ಕೆ ಮೂವತ್ತೇಳು.

ಎಣಿಸುತ್ತ ಪೈರಿನೊಳಗೆ ನುಗ್ಗಿದ. ಮುಳ್ಳು ಬಂದರೆ ಮುಳ್ಳಿನ ಮೇಲೆ, ಹಳ್ಳ ಬಂದರೆ ಹಳ್ಳದಲ್ಲಿ. ಅಂಕಿ ಮುಗಿಯುವವರೆಗೆ ಎಲ್ಲೂ ಪಕ್ಕಕ್ಕೆ ಸರಿಯಲಿಲ್ಲ. ಹೆಜ್ಜೆ ಮುಗಿದಲ್ಲಿ ಗೂಟ ಹೊಡೆದು, ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲ ಹಗ್ಗ ಎಳೆದ. ಸರಿಯಾಗಿ ಒಂದು ಗುಂಟೆ. ಹೊಲದ ನಡುವೆ ದೊಡ್ಡಬೀರಯ್ಯ ಬಂದು ನಿಂತು ಬಹಳ ದಿನವಾಗಿತ್ತು. ಇಲ್ಲಿ ಪೈರು ಮೊಣಕಾಲಿಗೆ ಸ್ವಲ್ಪ ಮೇಲೆ. ತೆನೆ ಹೆಬ್ಬೆರಳಿಗಿಂತ ದಪ್ಪವಿಲ್ಲ.

ಸರಸಮ್ಮನೂ ಸೇರಿ ಮೂವರೂ ಕುಡುಗೋಲು ಹಿಡಿದು ಕೊಯ್ದರು. ಹಗ್ಗದಾಚೆ ಒಂದು ಒಳ್ಳೆಯ ತೆನೆಯಿತ್ತು. ದೊಡ್ಡಬೀರಯ್ಯ ಅದನ್ನು ಸುಮ್ಮನೆ ಈಚೆಗೆ ಬಗ್ಗಿಸಿದ.

"ಅದರ ಬುಡ ಆಚೆ ಅದೆ ಬೀರಯ್ಯನೋರೇ, ಬಿಟ್ಟುಬಿಡಿ."

"ತಲೆ ಈಚ್ಗದಲ್ಲಾ ಸಾ!"

"ನಿಮ್ಮ ಕುರಿ ಕತ್ತು ಚಾಚಿ ಪಕ್ಕದ ಹೊಲ ಮೇಯ್ದರೆ, ಹೊಲದೋರು ತಲೆ ಹಿಡಿದು ಕುರಿ ನಮ್ಮದು ಅಂದರೆ ಬಿಡ್ತೀರಾ?"

ಸರಸಮ್ಮ ಸೆರಗು ಬಾಯಿಗಡ್ಡ ಹಿಡಿದು ನಕ್ಕಳು.

ಕೊಯ್ದ ತೆನೆಯನ್ನು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಪರಮಶಿವಯ್ಯ ಅರಗಿನ ಮುದ್ರೆ ಒತ್ತಿದ. ನಾಲ್ಕು ದಿನ ಒಣಗಿದ ಮೇಲೆ ಬಂದು ಬಡಿದು ಅಳೆಯುವುದಾಗಿ ಹೇಳಿದ. ದೊಡ್ಡಬೀರಯ್ಯನ ಮುಖ ಗಂಟಾಗಿತ್ತು. "ಇದು ನ್ಯಾಯ ಅಲ್ಲ ಸಾ. ಒಲದಲ್ಲಿ ಎಲ್ಲಿ ಸೊರಗದೋ ಅಲ್ಲೇ ಬಂದ್ಬುಟ್ರಿ. ಮೂಲೇಲೂ ಒಂದು ಗುಂಟೆ ಕೂದು ನೋಡ್ಬೇಕು."

"ಸರ್ಕಾರಕ್ಕೆ ಒಂದು ಸಾಕು. ಆದರೆ ಒಂದೇ ಅಳತೆ ನೋಡಿ ಮನೆ ನಡೆಸಬಾರದು, ಅದು ನಿಜ. ಮೂಲೇಲೂ ಕೊಯ್ಯೋಣ. ಇನ್ನೊಂದು ಗುಂಟೆಗೆ ನಿಮ್ಮ ಮನೆಯೋರೇ ಅಂಕಿ ಎತ್ತಲಿ."

ಪರಮಶಿವಯ್ಯ ಅಂಕಿ ಬರೆದು ಮಡಿಸಿಟ್ಟ ಚೂರು ಕಾಗದಗಳಿಂದ ಸರಸಮ್ಮ ಎರಡನ್ನು ಎತ್ತಿದಳು. ಆ ಅಂಕಿ ಅವರನ್ನು ಹೊಲದ ಕೆಳಭಾಗಕ್ಕೆ ಕರೆದೊಯ್ದಿತು. ಅಲ್ಲೂ ಅದೇ ಹೆಬ್ಬೆರಳಿನ ತೆನೆ. ಆ ಚೀಲಕ್ಕೆ ಅವಳು ಬಿಳಿ ಉಣ್ಣೆಯ ನೂಲು ಕಟ್ಟಿದಳು, ಮೂಲೆಯ ಚೀಲಕ್ಕೆ ಕರಿಯದು.

ಅಷ್ಟರಲ್ಲಿ ಬಿಸಿಲೇರಿ, ಮಂದೆ ನೀರು ಕುಡಿದು ಗುಡಿಸಲ ನೆರಳಿಗೆ ಬಂದಿತ್ತು. ಮಜ್ಜಿಗೆ ಕುಡಿಯುತ್ತ ಪರಮಶಿವಯ್ಯ ಕೇಳಿದ: "ಕುರಿ ಹೆಂಗವೆ?"

"ನೋಡಿ ಸಾ, ನೀವೇ ನೋಡಿ. ಒಂದೊಂದೂ ತೌಡಿನ ಮೂಟೆ ಇದ್ದಂಗವೆ."

"ನೋಡಿದರೆ ಉಣ್ಣೆ ಕಾಣ್ತದೆ. ಕುರಿ ಕಾಣಲ್ಲ. ಒಂದನ್ನ ಹಿಡೀರಿ."

ಮೂವತ್ತು ವರ್ಷ ಕುರಿ ಕಾಯ್ದವನಿಗೆ ಕುರಿ ನೋಡುವುದನ್ನು ಹೇಳಿಕೊಡಲು ಹೊರಟ ಈ ಸೈಕಲ್ಲಿನವನ ಧೈರ್ಯಕ್ಕೆ ದೊಡ್ಡಬೀರಯ್ಯ ಒಳಗೇ ನಕ್ಕ. ಆದರೂ ಒಂದು ಗಬ್ಬದ ಕುರಿಯನ್ನು ಹಿಡಿದು ನಿಲ್ಲಿಸಿದ. ಪರಮಶಿವಯ್ಯ ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೂಳೆಗಿಂತ ಮುಂದೆ, ಉಣ್ಣೆಯೊಳಗೆ ಬೆರಳಿಳಿಸಿ ಬೆನ್ನುಮೂಳೆಯನ್ನು ಒತ್ತಿದ.

"ಈಗ ನೀವು ಒತ್ತಿ. ಆಮೇಲೆ ನಿಮ್ಮ ಎಡಗೈ ಮುಷ್ಟಿ ಕಟ್ಟಿ, ಗೆಣ್ಣಿನ ಮೇಲೆ ಬೆರಳು ಆಡಿಸಿ. ಬೆನ್ನು ಹಂಗೇ ಚೂಪಾಗಿ ಸಿಕ್ಕಿದರೆ ಕುರಿ ಬಡಕಲು ಅಂತ ಲೆಕ್ಕ. ಮುಷ್ಟಿ ಬಿಚ್ಚಿ ಅಂಗೈ ಹಿಂಭಾಗ ಮುಟ್ಟಿ. ಒತ್ತಿದರೆ ಮೂಳೆ ಅದೆ ಅಂತ ಗೊತ್ತಾಗ್ತದೆ, ಚುಚ್ಚಲ್ಲ. ಗಬ್ಬದ ಕುರಿ ಹಂಗಿರಬೇಕು. ಹೆಬ್ಬೆರಳ ಬುಡದ ಮಾಂಸದಂಗೆ ಮೂಳೆ ಸಿಗದೇ ಇದ್ದರೆ ಕೊಬ್ಬು ಹೆಚ್ಚಾಯ್ತು. ಈಯೋವಾಗ ಅದೂ ಕಷ್ಟವೇ."

ದೊಡ್ಡಬೀರಯ್ಯ ಒತ್ತಿದ. ಬೆರಳಿಗೆ ಗರಗಸದಂತೆ ಬೆನ್ನುಮೂಳೆ ತಾಗಿತು. ಮುಷ್ಟಿ ಕಟ್ಟಿ ಗೆಣ್ಣು ಮುಟ್ಟಿದ. ಮತ್ತೆ ಕುರಿ ಮುಟ್ಟಿದ. ಅದನ್ನು ಬಿಟ್ಟು ಇನ್ನೊಂದನ್ನು ಹಿಡಿದ.

ಸರಸಮ್ಮನೂ ಬಂದು ಕೈಯಿಟ್ಟಳು. ಒಂದು ಗಂಟೆಯಲ್ಲಿ ಇಪ್ಪತ್ತನ್ನೂ ಮುಟ್ಟಿ ಮುಗಿಸಿದರು. ಅವಳ ಬೆರಳು ಗಂಡನಿಗಿಂತ ಚುರುಕಾಗಿತ್ತು. ನೂಲಿನ ಎಳೆಯಲ್ಲಿ ಕೂದಲೆಳೆಯಷ್ಟು ಗಂಟನ್ನೂ ಹಿಡಿಯುವ ಬೆರಳು ಅವು. ಅವಳು "ಗೆಣ್ಣು" ಎಂದ ಕಡೆಯಲ್ಲೆಲ್ಲ ಪರಮಶಿವಯ್ಯನೂ ಹೌದೆಂದ. ಇಪ್ಪತ್ತರಲ್ಲಿ ಹನ್ನೊಂದು ಬಡಕಲು.

"ಉಣ್ಣೆ ಕತ್ತರ್ಸೋವಾಗ ನಾನಂದೆ, ಕುರಿ ಅಗೂರ ಅವೆ ಅಂತ. ಕೇಳಿದ್ಯಾ?" ಎಂದಳು ಸರಸಮ್ಮ.

ದೊಡ್ಡಬೀರಯ್ಯನಿಗೆ ಅದು ನೆನಪಿತ್ತು. ಆಗ ಅವನು, ಹೆಂಗಸರಿಗೆ ಕುರಿಯ ಭಾರ ಏನು ಗೊತ್ತು ಎಂದು ಗದರಿಸಿದ್ದ.

"ಈಯೋಕೆ ಇನ್ನು ಆರು ವಾರ ಇರಬಹುದು. ಮರಿ ಹೊಟ್ಟೇಲಿ ಜೋರಾಗಿ ಬೆಳೆಯೋದು ಈಗಲೇ. ತಾಯಿ ಬೆನ್ನಲ್ಲಿ ಏನೂ ಇಲ್ಲದೇ ಇದ್ದರೆ ಮರಿಗೆ ಎಲ್ಲಿಂದ ಬರಬೇಕು, ಕೆಚ್ಚಲಿಗೆ ಹಾಲು ಎಲ್ಲಿಂದ ಇಳೀಬೇಕು? ಈ ಹನ್ನೊಂದನ್ನ ಬೇರೆ ಕಟ್ಟಿ. ದಿನಾ ಒಂದೊಂದಕ್ಕೆ ಒಂದು ಹಿಡಿ ಹುರುಳಿ ನೆನೆಸಿ ಹಾಕಿ, ಮೇವಿಗೆ ಅವನ್ನೇ ಮುಂದೆ ಬಿಡಿ. ಜೊತೇಲಿ ಬಿಟ್ಟರೆ ಗಟ್ಟಿ ಇರೋವು ನುಗ್ಗಿ ತಿಂತವೆ" ಎಂದು ಹೇಳಿ ಪರಮಶಿವಯ್ಯ ಸೈಕಲ್ಲು ಹತ್ತಿದ.

ಸತ್ತ ಏಳು ಮರಿಗಳು ಆ ರಾತ್ರಿಯೆಲ್ಲ ದೊಡ್ಡಬೀರಯ್ಯನ ತಲೆಯಲ್ಲಿದ್ದವು. ಅವುಗಳ ತಾಯಂದಿರ ಬೆನ್ನನ್ನು ಅವನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ.

ಸೋಮವಾರ ಹೇಳಿದ ಹೊತ್ತಿಗೆ ಪರಮಶಿವಯ್ಯ ಬಂದ. ದಾರಿಯಲ್ಲಿ ಟೈರು ಪಂಕ್ಚರಾಗಿ ಮೂರು ಮೈಲಿ ನಡೆದಿದ್ದ. ಆ ಮಾತನ್ನು ಅವನಾಗಿ ಹೇಳಲಿಲ್ಲ, ಸರಸಮ್ಮ ಗಾಳಿಯಿಲ್ಲದ ಚಕ್ರ ನೋಡಿ ಕೇಳಿದ ಮೇಲೆ ಹೇಳಿದ. ಇಂಥ ಮನುಷ್ಯ ಸುಳ್ಳು ಅಳೆಯಲಾರ ಎಂದು ದೊಡ್ಡಬೀರಯ್ಯನಿಗೆ ಅನ್ನಿಸಿದ್ದು ಆಗ.

ಮುದ್ರೆ ಒಡೆದು, ತೆನೆ ಬಡಿದು, ತೂರಿ, ಸೇರು ಹಿಡಿದು ಅಳೆಯಲು ಕೂತರು. ಕಣದಲ್ಲಿ ಮೊದಲ ಸೇರನ್ನು ಯಾರೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಪರಮಶಿವಯ್ಯನೂ "ಲಾಭ" ಎಂದು ಸುರಿದು, ಎರಡು, ಮೂರು ಎಂದು ಮುಂದುವರಿಸಿದ. ಒಂಬತ್ತಕ್ಕೆ ರಾಗಿ ಮುಗಿಯಿತು. ಬಿಳಿ ನೂಲಿನ ಚೀಲದಲ್ಲಿ ಎಂಟು. ಕರಿ ನೂಲಿನ ಚೀಲ, ಅಂದರೆ ಗುಡಿಸಲ ಮೂಲೆಯದು, ಹದಿನೈದು.

"ನಾನಂದ್ನಲ್ಲ ಸಾ! ಅದಿನೈದು! ಅನ್ನೆಲ್ಡು ಪಲ್ಲದ ಒಲ ಇದು!"

"ಹೌದು. ಗುಂಟೆಗೆ ಹದಿನೈದಾದರೆ ನಲವತ್ತು ಗುಂಟೆಗೆ ಆರುನೂರು ಸೇರು, ಎಕರೆಗೆ ಆರು ಪಲ್ಲ. ಎರಡೆಕರೆಗೆ ನೀವು ಹೇಳಿದ ಹನ್ನೆರಡು ಪಲ್ಲ. ನಿಮ್ಮ ಕಣ್ಣು ಸುಳ್ಳು ಹೇಳಲಿಲ್ಲ, ಆದರೆ ಒಂದು ಮೂಲೆ ನೋಡಿ ಎರಡೆಕರೆಗೆ ತೀರ್ಪು ಕೊಡ್ತು. ಉಳಿದ ಹೊಲ ಎಂಟು, ಒಂಬತ್ತು. ಹೆಚ್ಚೆಂದರೆ ಏಳು ಪಲ್ಲ, ಎರಡು ಪಲ್ಲಕ್ಕೆ ಒಂದು ಗಾಡಿಯಂತೆ ಮೂರೂವರೆ ಗಾಡಿ ಹುಲ್ಲು." ಪರಮಶಿವಯ್ಯ ಮೂಲೆಯ ಕಡೆ ನೋಡಿದ. "ಒಂದು ಕೇಳ್ತೀನಿ. ಕೊಯ್ಲಾದ ಮೇಲೆ ಮಂದೆ ಎಲ್ಲಿ ಮಲಗುಸ್ತೀರಿ?"

"ಇಲ್ಲೇ, ಗುಡ್ಲ ಮುಂದೆ. ತ್ವಾಳದ ಕಾಟ ಸಾ."

"ಎಷ್ಟು ವರ್ಷದಿಂದ?"

ದೊಡ್ಡಬೀರಯ್ಯ ಬೆರಳು ಮಡಿಸಿ ವರ್ಷ ಎಣಿಸತೊಡಗಿದ. ಸರಸಮ್ಮನಿಗೆ ನಗು ತಡೆಯಲಾಗಲಿಲ್ಲ.

"ಊರೋರ ಒಲದಲ್ಲಿ ಮಂದೆ ಕಟ್ಟಿದ್ರೆ ಮೂರು ರಾತ್ರಿಗೊಂದ್ಸತಿ ತಡ್ಕೆ ಕೀಳ್ತಾನೆ ಸಾ, ಗೊಬ್ರ ಎಲ್ಲಾ ಕಡೀಕೂ ಬೀಳ್ಲಿ ಅಂತ. ನಮ್ಮೊಲದಲ್ಲಿ ಅತ್ತೊರ್ಸದಿಂದ ಕಿತ್ತಿಲ್ಲ!"

ಊರಿನ ಗೌಡರ ಹೊಲ, ಶಾನುಭೋಗರ ಹೊಲ, ಎಲ್ಲವೂ ಅವನ ಮಂದೆಯಿಂದ ಸಮನಾಗಿ ಬೆಳೆದಿದ್ದವು. ಅವನ ಸ್ವಂತ ಹೊಲದಲ್ಲಿ ಒಂದು ಮೂಲೆಗೆ ಗೊಬ್ಬರ ತುಂಬಿ ತುಳುಕಿತ್ತು, ಉಳಿದದ್ದು ಬರಿ ಮಣ್ಣು. ಆ ಮೂಲೆಯ ಬದುವಿನ ಮೇಲೆ ಕೂತೇ ಅವನು ಹತ್ತು ವರ್ಷ ಬೆಳೆಯ ಲೆಕ್ಕ ಹಾಕಿದ್ದ.

ಆಗಲೇ ದಾರಿಯಲ್ಲಿ ಧೂಳೆದ್ದಿತು. ಎರಡು ದಿನದ ದಾರಿ ಸವೆಸಿ ಬೀರಲಿಂಗಯ್ಯ ಹದಿನೈದು ಕುರಿಗಳೊಡನೆ ಬಂದ.

"ಬಾವ! ತಕ್ಕೋ ನಿನ್ನ ಕುರಿಯ. ಎಣುಸ್ಕೋ" ಎಂದು ಕಂಬಳಿ ಕೊಡವಿದ.

ದೊಡ್ಡಬೀರಯ್ಯ ನೀರು ಕೊಟ್ಟ, ಕೂರಿಸಿದ, ಆಮೇಲೆ ನೇರವಾಗಿ ಹೇಳಿದ: "ಬಾವ, ನನ್ನ ಕೈಲಿ ಆಗಾಕಿಲ್ಲ. ಮಾತು ಕೊಟ್ಟಿದ್ದು ದಿಟ. ಆರು ಗಾಡಿ ಉಲ್ಲು ಅನ್ಕಂಡು ಕೊಟ್ಟೆ. ಈ ಗ್ರಾಮಸೇವಕ್ರು ಅಗ್ಗ ಇಡ್ದು ಅಳುದ್ರು, ಇರಾದು ಮೂರೂವರೆ."

"ಎಲ್ಡು ದಿನ ನಡ್ಕಂಡ್ ಬಂದಿದ್ದೀನಿ ಕಣಯ್ಯ! ಯಾವನೋ ಸೈಕಲ್ಲಿನೋನು ಅಗ್ಗ ಇಡದ ಅಂತ ನಂಟಸ್ತನ ಕಳೀತೀಯಾ?"

"ನಂಟಸ್ತನ ಉಳ್ಕಬೇಕು ಅಂತ್ಲೇ ಏಳ್ತಿರಾದು. ನಿನ್ನ ಅದಿನೈದು, ನನ್ನ ಇಪ್ಪತ್ತು, ಎಲ್ಲಾ ಸೇರಿ ಸಿವರಾತ್ರಿವೊತ್ಗೆ ಉಲ್ಲು ಮುಗುಸ್ತವೆ. ಆಮ್ಯಾಕೆ ನಿನ್ನ ಮರಿ ಸತ್ವು ಅಂತ ನಾನೇ ಅರದನಳ್ಳಿಗೆ ಬಂದು ಏಳ್ಬೇಕಾಯ್ತದೆ. ಆಗ ಉಳೀತದಾ ನಂಟಸ್ತನ?"

ಬೀರಲಿಂಗಯ್ಯ ಮುಖ ತಿರುಗಿಸಿ ಕೂತ. ಸರಸಮ್ಮ ಎದ್ದು ಹೋಗಿ ಅಣ್ಣನ ಕುರಿಗಳ ಬೆನ್ನಿಗೆ ಒಂದೊಂದಾಗಿ ಕೈ ಹಾಕಿದಳು. ಯಾರೂ ಹೇಳಿಕೊಡಲಿಲ್ಲ, ಯಾರನ್ನೂ ಕೇಳಲಿಲ್ಲ. ನಾಲ್ಕಕ್ಕೆ ಕೊರಳಿಗೆ ನೂಲು ಕಟ್ಟಿ ಬಂದಳು.

"ಅಣ್ಣ, ಇಲ್ಲಿ ಕೇಳು. ಆ ನಾಕು ತೀರಾ ಬಡ್ಕಲು. ಇನ್ನೆಲ್ಡು ದಿನ ನಡುಸಿದ್ರೆ ದಾರೀಲಿ ದಿನ ತುಂಬ್ದೆ ಕಂದು ಆಕ್ತವೆ. ಅವು ಇಲ್ಲೇ ಇರ್ಲಿ, ನಮ್ಮ ಅನ್ನೊಂದರ ಜೊತೇಲಿ ಉರುಳಿ ತಿನ್ಲಿ. ನಾಕುಕ್ಕೆ ಆಯ್ತದೆ. ಉಳುದ ಅನ್ನೊಂದು ಗಟ್ಟಿ ಅವೆ. ಎಲ್ಡು ದಿನ ಸುದಾರುಸ್ಕಂಡು ಒಡ್ಕಂಡೋಗು. ನೀನೇ ಮುಟ್ಟಿ ನೋಡು ಬಾ, ನಾನೇಳಿದ್ದು ಸುಳ್ಳಾದ್ರೆ ಅದಿನೈದೂ ಇಟ್ಕತೀನಿ."

ತಂಗಿಯ ಮಾತಿಗೆ ಬೀರಲಿಂಗಯ್ಯ ಎದ್ದ. ನೂಲು ಕಟ್ಟಿದ ಕುರಿಯ ಬೆನ್ನು ಮುಟ್ಟಿದ, ಕಟ್ಟದ ಕುರಿಯ ಬೆನ್ನು ಮುಟ್ಟಿದ. ಹದಿನೈದನ್ನೂ ಮುಟ್ಟಿದ ಮೇಲೆ ಪರಮಶಿವಯ್ಯನ ಕಡೆ ತಿರುಗಿ, "ಸಾ, ಆ ಅಗ್ಗ ಎಷ್ಟುದ್ದ ಅಂದ್ರಿ?" ಎಂದ.

ಹಾಗೆಂದು ಅವನ ಸಿಟ್ಟು ಅಂದೇ ಇಳಿಯಿತೆಂದಲ್ಲ. ಬುಧವಾರ ಹನ್ನೊಂದು ಕುರಿ ಹೊಡೆದುಕೊಂಡು ಹೊರಟಾಗ ಭಾವನಿಗೆ ಹೋಗಿಬರುತ್ತೇನೆಂದೂ ಹೇಳಲಿಲ್ಲ. ತಂಗಿಗೆ ಮಾತ್ರ ಹೇಳಿ ಹೋದ.

ಪುಷ್ಯದಲ್ಲಿ ದೊಡ್ಡಬೀರಯ್ಯ ಕಣ ಮಾಡಿ ರಾಶಿ ಅಳೆದ. ಏಳು ಪಲ್ಲ, ಹನ್ನೆರಡು ಸೇರು. ಹಗ್ಗದ ಅಳತೆಗೂ ರಾಶಿಗೂ ಇದ್ದ ವ್ಯತ್ಯಾಸ ಅಷ್ಟೇ. ಸಂಕ್ರಾಂತಿಯ ಆಸುಪಾಸಿನಲ್ಲಿ ಇಪ್ಪತ್ತನಾಲ್ಕು ಕುರಿ ಈದವು. ಒಂದು ಅವಳಿ ಹಾಕಿತು. ಇಪ್ಪತ್ತೈದು ಮರಿಗಳಲ್ಲಿ ಒಂದು ಹುಟ್ಟುವಾಗಲೇ ಸತ್ತಿತ್ತು, ಒಂದನ್ನು ನರಿ ಒಯ್ದಿತು. ಇಪ್ಪತ್ತಮೂರು ಬದುಕಿದವು. ಅವನ ರೊಪ್ಪದ ತಡಿಕೆ ಈಗ ಮೂರು ರಾತ್ರಿಗೊಮ್ಮೆ ಮುಂದಕ್ಕೆ ಸರಿಯುತ್ತದೆ, ಕಾವಲಿನ ಗುಡಿಸಲನ್ನೂ ಬಿಚ್ಚಿ ಹೊತ್ತುಕೊಂಡೇ ಹೋಗುತ್ತಾರೆ. ಕುರಿ ನೋಡುವುದರಲ್ಲಿ ಹಟ್ಟಿಗೇ ಯಾರು ಗಟ್ಟಿಗರು ಎಂದು ಕೇಳಿದರೆ ದೊಡ್ಡಬೀರಯ್ಯ ಹೆಂಡತಿಯ ಕಡೆ ಕೈ ತೋರಿಸುತ್ತಾನೆ. "ಅವಳ ಬೆರಳಿಗೆ ಸಿಗದೇ ಇರಾದು ಒಂದೂ ಇಲ್ಲ ಕಣ್ಲಾ" ಎನ್ನುತ್ತಾನೆ.

ರೈತ ಬಂಧುಗಳೇ, ತಾಯಂದಿರೇ, ಇದಕ್ಕೆ ದುಡ್ಡು ಬೇಕಿಲ್ಲ, ಓದು ಬರಹವೂ ಬೇಕಿಲ್ಲ. ಮೂವತ್ತಮೂರು ಅಡಿಯ ಹಗ್ಗ, ನಾಲ್ಕು ಗೂಟ, ಮನೆಯ ಸೇರು ಸಾಕು. ಕೊಯ್ಲಿಗೆ ಮುಂಚೆ ಹೊಲದೊಳಗೆ ಇಳಿಯಿರಿ. ಜಾಗವನ್ನು ನೀವು ಆರಿಸಬೇಡಿ, ಚೀಟಿ ಆರಿಸಲಿ. ಎರಡು ಮೂರು ಕಡೆ ಒಂದೊಂದು ಗುಂಟೆ ಕೊಯ್ದು, ಒಣಗಿಸಿ, ಅಳೆದು, ಒಂದು ಗುಂಟೆಯ ಸರಾಸರಿಯನ್ನು ನಲವತ್ತರಿಂದ ಗುಣಿಸಿ, ಎಕರೆಯ ಬೆಳೆ ಸಿಗುತ್ತದೆ. ಬೇಸಿಗೆಗೆ ಎಷ್ಟು ಬಾಯಿಗೆ ಮೇವಿದೆಯೆಂದು ಕಾರ್ತಿಕದಲ್ಲೇ ತಿಳಿಯುತ್ತದೆ. ಲೆಕ್ಕದಲ್ಲಿ ಸಂಶಯ ಬಂದರೆ ನಿಮ್ಮ ಊರಿಗೆ ಬರುವ ಗ್ರಾಮಸೇವಕರನ್ನು ನಿಲ್ಲಿಸಿ ಕೇಳಿ. ಅವರು ಬರುವುದೇ ಅದಕ್ಕೆ. ಕುರಿಗಳ ಬೆನ್ನಿಗಂತೂ ಯಾರನ್ನೂ ಕಾಯಬೇಡಿ. ನಾಳೆ ಬೆಳಿಗ್ಗೆ ಮಂದೆ ಬಿಡುವ ಮುನ್ನ ಒಂದು ಗಬ್ಬದ ಕುರಿಯನ್ನು ಹಿಡಿದು, ಉಣ್ಣೆಯೊಳಗೆ ಕೈಯಿಳಿಸಿ, ಮೂಳೆ ಮುಟ್ಟಿ. ಅದು ಚುಚ್ಚಿದರೆ ಅಂದೇ ಹುರುಳಿ ನೆನೆಹಾಕಿ.